ಕಾಲ್ ಮಾಡುವ ಮುನ್ನ ಪಾಟ್ ಎಣಿಸಿ

ಎಲ್ಲರ ಗಮನಕ್ಕೆ: ಶನಿವಾರದ ಪೋಕರ್ ಚಿಪ್ಸ್ ಆಟಕ್ಕೆ (ದುಡ್ಡಿಲ್ಲ, ಹಳೇ ನಿಯಮವೇ) ಬರುವ ಮುನ್ನ ಇದೊಂದು ಲೆಕ್ಕ ರೂಢಿ ಮಾಡಿಕೊಳ್ಳಿ.

ಕೈಯಲ್ಲಿ ಎರಡು ಆಟೀನ್, ಫ್ಲಾಪ್‌ನಲ್ಲಿ (ಮೇಜಿನ ಮೇಲೆ ಬಿಚ್ಚಿಡುವ ಮೊದಲ ಮೂರು ಎಲೆ) ಇನ್ನೆರಡು; ಇನ್ನೊಂದು ಬಿದ್ದರೆ ಐದು ಆಟೀನ್, ಅಂದರೆ ಫ್ಲಶ್. ಪಾಟ್ (ನಡುವೆ ಸೇರಿರುವ ಚಿಪ್ಸ್) 600, ಅದರ ಮೇಲೆ ಎದುರಾಳಿ 300 ಹಾಕಿದ್ದಾರೆ. ಕಾಲ್ ಮಾಡಿ, ಅಂದರೆ ಅಷ್ಟನ್ನೇ ಹಾಕಿ, ನಿಮ್ಮ 300 ಸೇರಿದರೆ ಒಟ್ಟು 1200. ಅಂದರೆ ಗೆಲ್ಲುವ ಸಾಧ್ಯತೆ ಶೇ 25 ಆದರೂ ಬೇಕು. ಕಾಣದ 47 ಎಲೆಗಳಲ್ಲಿ ಆಟೀನ್ 9. ಟರ್ನ್‌ನಲ್ಲಿ (ನಾಲ್ಕನೇ ಎಲೆ) ಬೀಳುವುದು ಶೇ 19 ಮಾತ್ರ.

ಹೆಚ್ಚಿನವರು ಎಡವುವುದು ಇಲ್ಲೇ. ಟರ್ನ್, ರಿವರ್ (ಐದನೇ, ಕೊನೇ ಎಲೆ) ಎರಡೂ ಸೇರಿದ ಶೇ 35 ಹಿಡಿದು ಕಾಲ್ ಮಾಡುತ್ತಾರೆ. ಟರ್ನ್ ಆದಮೇಲೆ ಬರುವ ಇನ್ನೊಂದು ಬೆಟ್ ಮರೆತೇಬಿಡುತ್ತಾರೆ. ಆ ಶೇ 35 ನಡೆಯುವುದು ಎದುರಾಳಿ ಆಲ್‌-ಇನ್ ಆಗಿದ್ದಾಗ (ಚಿಪ್ಸ್ ಎಲ್ಲಾ ಹಾಕಿಬಿಟ್ಟಾಗ). ಇಲ್ಲದಿದ್ದರೆ, ಬೀಳದಾಗ ಫೋಲ್ಡ್ ಮಾಡುವವರು (ಎಲೆ ಬಿಟ್ಟು ಹಿಂದೆ ಸರಿಯುವವರು) ಬಿದ್ದಾಗ ಎದುರಾಳಿಯಿಂದ ಸರಾಸರಿ ಇನ್ನೂ 370 ಕೀಳಬೇಕು, ಆಗಷ್ಟೇ ಈ ಕಾಲ್ ಸರಿ. ಸಣ್ಣ ಆಟೀನ್ ಹಿಡಿದಿದ್ದರೆ ಆ 9 ಎಲೆಗಳನ್ನೂ ಪೂರ್ತಿ ನಂಬಬೇಡಿ; ಎದುರಾಳಿ ಕೈಯಲ್ಲಿ ದೊಡ್ಡ ಆಟೀನ್ ಇರಬಹುದು.