ಸುಣ್ಣಕಲ್ಲಿನ ಕಾವಲುಗಾರನಿಗೆ ಹುಳಿ ಏಕೆ ನಾಟುವುದಿಲ್ಲ?

ಪ್ರೀತಿಯ ತಂಗಿ,

ದಾಳ ಉರುಳಿಸುತ್ತ ಕೂಡಿ ಕತೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕೆ, ಅದರ 2014ರ ನಿಯಮದಲ್ಲಿ, ನೀನು ಬರೆದ ಸಾಹಸದ ಹಸ್ತಪ್ರತಿ, ಪತ್ರ ಎರಡನ್ನೂ ಓದಿದೆ. ಪತ್ರವೇ ಹೆಚ್ಚು ಕಾಡಿತು. ಕೊನೆಯ ಕಾಳಗದಲ್ಲಿ ನಾಲ್ವರು ಆಟಗಾರರಲ್ಲಿ ಮೂವರು ದಾಳ ಕೆಳಗಿಟ್ಟು ಮೊಬೈಲ್ ನೋಡುತ್ತ ಕೂತರು, ನನಗೆ ಬರೆಯಲು ಬರುವುದಿಲ್ಲವೇನೋ ಎಂದಿದ್ದೀಯ. ಬರುತ್ತದೆ ಕಣಮ್ಮ. ಗುಹೆಯ ಬಾಯಿಂದ ಬೀಸುವ ತಣ್ಣನೆ ಗಾಳಿ, ಬಾವಲಿ ಹಿಕ್ಕೆಯ ವಾಸನೆ, ಯಾಣದ ಬಂಡೆಗಳನ್ನು ನೆನಪಿಸುವ ಆ ಕಪ್ಪು ಸುಣ್ಣಕಲ್ಲಿನ ಗೋಡೆ, ಇವೆಲ್ಲ ಕಣ್ಣಿಟ್ಟು ನೋಡಿದವರು ಬರೆಯುವ ಸಾಲುಗಳು. ಕೆಟ್ಟಿರುವುದು ಒಂದೇ ಕಡೆ: ಏಳನೇ ಪುಟದ ಸ್ಟ್ಯಾಟ್ ಬ್ಲಾಕ್‌ನಲ್ಲಿ, ಅಂದರೆ ಗುಹೆಯ ಕಾವಲುಗಾರನ ಬಲಾಬಲದ ಪಟ್ಟಿಯಲ್ಲಿ, ಅವನಿಗೆ ಯಾವ ಹೊಡೆತ ನಾಟದು ಎಂದು ಹೇಳಲು ‘ಇಮ್ಯುನಿಟಿ’ ಎಂದು ಶುರುವಾಗುವ ಸಾಲು.

ನಕ್ಷೆ ಹೇಗಿರಬೇಕು, ಎಷ್ಟು ಪುಟವಾದರೆ ಸಾಕು, ಯಾವ ಫಾಂಟ್ ಎಂದೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ನಾನು ಈ ಒಂದು ಸಾಲನ್ನೇ ಹಿಡಿದು ಕೂರುತ್ತೇನೆ.

ನಿನ್ನ ಕಾವಲುಗಾರನಿಗೆ 90 ಹಿಟ್ ಪಾಯಿಂಟ್, ಅಷ್ಟು ಡ್ಯಾಮೇಜ್ (ಪೆಟ್ಟಿನ ಅಂಕ) ಬಿದ್ದರೆ ಅವನ ಕತೆ ಮುಗಿಯಿತು. ಮ್ಯಾಜಿಕ್ ಅಲ್ಲದ ಆಯುಧ ನಾಟದು. ಬೆಂಕಿ, ಚಳಿ, ಸಿಡಿಲು, ವಿಷ, ಆಸಿಡ್, ಸೈಕಿಕ್ (ಮನಸ್ಸಿಗೆ ಬೀಳುವ ಹೊಡೆತ) ಯಾವುದೂ ನಾಟದು. ಎದುರಿಗೆ ಆಟಗಾರರ ಮೂರನೇ ಲೆವೆಲ್‌ನ ಪಾತ್ರಗಳು: ಕಾಳಗದ ಆಳು ಫೈಟರ್, ರೋಷದಿಂದ ಕಾದುವ ಬಾರ್ಬೇರಿಯನ್, ಕಳ್ಳವಿದ್ಯೆಯ ರೋಗ್, ಮಂತ್ರವಾದಿ ವಿಜಾರ್ಡ್. ಯಾರ ಹತ್ತಿರವೂ ಮ್ಯಾಜಿಕ್ ಆಯುಧ ಇಲ್ಲ. ಈಗ ಪೆನ್ನು ಹಿಡಿ. ಮೊದಲ ಮೂವರ ಹೊಡೆತ ಸೊನ್ನೆ. ವಿಜಾರ್ಡ್‌ಗೆ ಮೊದಲ ಲೆವೆಲ್‌ನ 4 ಸ್ಲಾಟ್ (ಒಂದು ಸ್ಲಾಟ್‌ಗೆ ಒಂದು ಮಂತ್ರ), ಎರಡನೆಯದರ 2. ಗುರಿ ತಪ್ಪದ ಮ್ಯಾಜಿಕ್ ಮಿಸೈಲ್ ಮಂತ್ರ ಒಂದನ್ನೇ ಬಿಡುತ್ತ ಹೋದ ಅಂತಿಟ್ಟುಕೋ. ಮೂರು ಬಾಣ, ಒಂದೊಂದಕ್ಕೆ ನಾಲ್ಕುಮುಖದ ದಾಳ ಮತ್ತು 1, ಸರಾಸರಿ ಹತ್ತೂವರೆ; ನಾಲ್ಕು ಸಲಕ್ಕೆ 42. ಎರಡನೇ ಲೆವೆಲ್‌ನಲ್ಲಿ ನಾಲ್ಕು ಬಾಣ, ಸರಾಸರಿ 14, ಎರಡು ಸಲಕ್ಕೆ 28. ಒಟ್ಟು 70. ಆರು ಸುತ್ತು ಮುಗಿದು ಸ್ಲಾಟ್ ಎಲ್ಲ ಖಾಲಿಯಾದರೂ ನಿನ್ನ ಕಾವಲುಗಾರನಿಗೆ ಇನ್ನೂ 20 ಉಳಿದಿರುತ್ತದೆ. ಆ ಮೂವರು ಮೊಬೈಲ್ ತೆಗೆಯದೆ ಇನ್ನೇನು ಮಾಡಬೇಕಿತ್ತು?

2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ, ಅಂದರೆ ಆಟ ನಡೆಸುವ ಡಂಜನ್ ಮಾಸ್ಟರ್‌ಗಾಗಿ (ಡಿಎಂ) ಬರೆದ ಪುಸ್ತಕದಲ್ಲಿ, ಇದಕ್ಕೊಂದು ಕೋಷ್ಟಕ ಇದೆ. ಚಾಲೆಂಜ್ ರೇಟಿಂಗ್ (ಜೀವಿ ಎಷ್ಟು ಕಠಿಣ ಎಂಬ ಅಂಕ) 1ರಿಂದ 4ರೊಳಗಿನ ಜೀವಿಗೆ ಹಲವು ಇಮ್ಯುನಿಟಿ ಕೊಟ್ಟರೆ ಅದರ ಹಿಟ್ ಪಾಯಿಂಟನ್ನು ಎರಡರಿಂದ ಗುಣಿಸಿ ಲೆಕ್ಕ ಹಿಡಿಯಬೇಕು. ಬರೀ 90 ಎಂದರೆ ರಕ್ಷಣೆಯ ಲೆಕ್ಕದಲ್ಲಿ ರೇಟಿಂಗ್ 2. ಗುಣಿಸಿದ 180 ಎಂದರೆ 8. ನೀನು ಮೂರು ಎಂದು ಬರೆದು ಎಂಟನ್ನು ಗುಹೆಯೊಳಗೆ ಕೂರಿಸಿದ್ದೀಯ.

ಆದರೆ ನನಗೆ ಬೇಸರವಾದದ್ದು ಲೆಕ್ಕ ತಪ್ಪಿದ್ದಕ್ಕಲ್ಲ. ಸುಣ್ಣಕಲ್ಲಿನ ಜೀವಿಗೆ ಆಸಿಡ್ ನಾಟುವುದಿಲ್ಲ ಎಂದು ಬರೆದೆಯಲ್ಲ, ಅದಕ್ಕೆ. ಸುಣ್ಣಕಲ್ಲಿನ ಚೂರಿನ ಮೇಲೆ ನಿಂಬೆಹುಳಿ ಹಿಂಡಿ ನೋಡು, ನೊರೆನೊರೆಯಾಗಿ ಗುಳ್ಳೆ ಏಳುತ್ತದೆ. ಆಸಿಡ್, ವಿಷ, ಸೈಕಿಕ್ ಈ ಮೂರೂ ಜೊತೆಯಾಗಿ ಬರುವುದು ಮಣ್ಣಿನ ಗೋಲೆಮ್‌ನ, ಅಂದರೆ ಮಂತ್ರದಿಂದ ನಡೆದಾಡುವ ಮಣ್ಣುಬೊಂಬೆಯ, ಬ್ಲಾಕ್‌ನಲ್ಲಿ. ಅಲ್ಲಿ ಆಸಿಡ್ ಬಿದ್ದರೆ ಅದಕ್ಕೆ ಗಾಯ ಮಾಯುತ್ತದೆ ಕೂಡ. ಆ ಸಾಲನ್ನು ಎತ್ತಿ ತಂದು ಇಲ್ಲಿ ಅಂಟಿಸಿದ್ದೀಯ. ಇಮ್ಯುನಿಟಿ ಆ ಜೀವಿಯ ಮೈಯಿಂದ ಹುಟ್ಟಬೇಕು ತಂಗಿ, ಬೇರೆ ಪುಟದಿಂದ ಎರವಲು ಬರಬಾರದು. ಅಸ್ಥಿಪಂಜರಕ್ಕೆ ವಿಷ ತಾಗದು, ರಕ್ತವೇ ಇಲ್ಲ. ಗದೆಯ ಏಟು ಎರಡು ಪಟ್ಟು ಬೀಳುತ್ತದೆ, ಬರೀ ಮೂಳೆ. ಇದನ್ನು ಯಾರೂ ಯಾರಿಗೂ ವಿವರಿಸಬೇಕಾಗಿಲ್ಲ. ಓದಿದ ಕೂಡಲೇ ಹೌದು ಅನ್ನಿಸುತ್ತದೆ. ಆಟಗಾರ ತಾನೇ ಊಹಿಸಿ, ಕತ್ತಿ ಬಿಟ್ಟು ಗದೆ ಎತ್ತಿಕೊಳ್ಳುತ್ತಾನೆ.

ನನ್ನ ಹಳೆಯ ಸಿಟ್ಟೂ ಇದೇ. 2000ದಲ್ಲಿ ಬಂದ ಈ ಆಟದ ಮೂರನೇ ಆವೃತ್ತಿಯಲ್ಲಿ ಸತ್ತೆದ್ದವು, ಯಂತ್ರಜೀವಿಗಳು, ಲೋಳೆಗಳು, ಗಿಡಗಳು, ಎಲಿಮೆಂಟಲ್‌ಗಳು (ಬೆಂಕಿ, ನೀರಿನಂಥವೇ ಮೈಯಾದ ಜೀವಿಗಳು) ಇವಕ್ಕೆಲ್ಲ ಕ್ರಿಟಿಕಲ್ ಹಿಟ್ (ಮರ್ಮಕ್ಕೆ ಬೀಳುವ ದೊಡ್ಡ ಹೊಡೆತ) ನಾಟುತ್ತಿರಲಿಲ್ಲ. ಅದರ ಬೆನ್ನಿಗೇ ರೋಗ್‌ನ ಸ್ನೀಕ್ ಅಟ್ಯಾಕ್ (ಹೊಂಚಿ ಹೊಡೆಯುವ ಹೊಡೆತ) ಕೂಡ ಹೋಯಿತು. ಗೋರಿಯೊಳಗಿನ ಸಾಹಸ ಎಂದರೆ ರೋಗ್ ಆಡುವವರು ಇಡೀ ಸಂಜೆ ಬೀಗ ತೆಗೆಯುತ್ತ ಕೂರಬೇಕಿತ್ತು. ಆ ಆವೃತ್ತಿಯಿಂದಲೇ ಹುಟ್ಟಿದ ಪಾಥ್‌ಫೈಂಡರ್ ಆಟ 2009ರಲ್ಲಿ ಇದನ್ನು ಬಹುಮಟ್ಟಿಗೆ ಸಡಿಲಿಸಿತು, ಅಷ್ಟರಲ್ಲಿ ಒಂಬತ್ತು ವರ್ಷ ಕಳೆದಿತ್ತು. ಒಂದು ಸಾಲಿನಿಂದ ಒಬ್ಬರ ಪಾತ್ರವನ್ನೇ ಮೇಜಿನಿಂದ ಎಬ್ಬಿಸಿ ಕಳಿಸಬಹುದು.

ಹಾಗಂತ ಎಲ್ಲ ಇಮ್ಯುನಿಟಿಯನ್ನೂ ಕಿತ್ತುಹಾಕು ಎನ್ನುತ್ತಿಲ್ಲ. 2014ರ ತೋಳಮನುಷ್ಯನಿಗೆ 58 ಹಿಟ್ ಪಾಯಿಂಟ್ ಅಷ್ಟೇ, ಆದರೆ ಮ್ಯಾಜಿಕ್ ಇಲ್ಲದ, ಬೆಳ್ಳಿ ಲೇಪವೂ ಇಲ್ಲದ ಆಯುಧದ ಹೊಡೆತ ಅವನಿಗೆ ತಾಗದು. ಒಂದು ಕತ್ತಿಗೋ ಹತ್ತು ಬಾಣಕ್ಕೋ ಬೆಳ್ಳಿ ಹಾಕಿಸಲು 100 ಚಿನ್ನದ ನಾಣ್ಯ. ದುಡ್ಡು ಕೂಡಿಸುವುದು, ಅಕ್ಕಸಾಲಿಗನನ್ನು ಹುಡುಕುವುದು, ಹುಣ್ಣಿಮೆಗೆ ಎಷ್ಟು ದಿನ ಎಂದು ಎಣಿಸುವುದು, ಇಡೀ ಕತೆ ಆ ಒಂದು ಷರತ್ತಿನಿಂದ ಹುಟ್ಟುತ್ತದೆ. 2025ರ ಮಾನ್‌ಸ್ಟರ್ ಮ್ಯಾನುಯಲ್ ಎಂಬ ಜೀವಿಗಳ ಪುಸ್ತಕದಲ್ಲಿ ಆ ಷರತ್ತನ್ನೇ ತೆಗೆದರು. ಆಟ ಸಲೀಸಾಯಿತು, ನಿಜ. ಬೆಳ್ಳಿಗೆ ಹೆದರದ ತೋಳಮನುಷ್ಯ ನನಗೆ ಬರೀ ಕೂದಲು ಬೆಳೆದ ರೌಡಿಯಂತೆ ಕಾಣುತ್ತಾನೆ.

ಹಿರಣ್ಯಕಶಿಪುವಿನ ವರ ನೆನಪಿದೆಯಲ್ಲ? ಕಂಬ ಒಡೆಯುವ ಹೊತ್ತಿಗೆ ಹಗಲಲ್ಲ ಇರುಳಲ್ಲ, ಒಳಗಲ್ಲ ಹೊರಗಲ್ಲ ಎಂಬ ಒಂದೊಂದು ಷರತ್ತೂ ಕೇಳುವ ಮಕ್ಕಳಿಗೂ ಬಾಯಿಪಾಠ. ಹೊಸ್ತಿಲ ಮೇಲೆ ಕೂತದ್ದು ಅದಕ್ಕೇ ಮೈ ಜುಮ್ಮೆನಿಸುತ್ತದೆ. ವರವನ್ನು ಮುಚ್ಚಿಟ್ಟಿದ್ದರೆ ಹೊಸ್ತಿಲು ಬರೀ ಮರದ ತುಂಡು. ನೀನು ವರವನ್ನು ಮುಚ್ಚಿಟ್ಟಿದ್ದೀಯ.

ಈಗ ತಿದ್ದುವುದು ಹೀಗೆ. ಬೆಂಕಿ, ಚಳಿ, ಸಿಡಿಲಿನ ಇಮ್ಯುನಿಟಿಯನ್ನು ರೆಸಿಸ್ಟೆನ್ಸ್‌ಗೆ ಇಳಿಸು: ಅರ್ಧ ಡ್ಯಾಮೇಜ್, ಭಿನ್ನಾಂಕ ಬಂದರೆ ಕೆಳಕ್ಕೆ, 7 ಬಂದರೆ 3. ವಿಷ, ಸೈಕಿಕ್ ಇರಲಿ. ವಿಷದ ಡ್ಯಾಮೇಜ್ ಬೇರೆ, ‘ಪಾಯಿಸನ್ಡ್’ ಎಂಬ ಸ್ಥಿತಿ ಬೇರೆ. ಎರಡಕ್ಕೂ ಎರಡು ಸಾಲು ಬೇಕು, ನೀನು ಒಂದೇ ಬರೆದಿದ್ದೀಯ. ಆಯುಧದ ಇಮ್ಯುನಿಟಿಯನ್ನು ಉಳಿಸಿಕೋ, ಆದರೆ ಟ್ರೋಲ್ ಎಂಬ ರಕ್ಕಸಜೀವಿಯಿಂದ ಪಾಠ ಕಲಿ. 2014ರ ಟ್ರೋಲ್ ತನ್ನ ಪ್ರತಿ ಸರದಿಗೂ 10 ಹಿಟ್ ಪಾಯಿಂಟ್ ವಾಪಸ್ ಪಡೆಯುತ್ತದೆ. ಆಸಿಡ್ ಅಥವಾ ಬೆಂಕಿ ತಗುಲಿದರೆ ಮುಂದಿನ ಸರದಿಗೆ ಅದು ನಿಲ್ಲುತ್ತದೆ. ಹಾಗೇ ಬರೆ: ಆಸಿಡ್ ತಗುಲಿದರೆ ಕಾವಲುಗಾರನ ಮುಂದಿನ ಸರದಿ ಮುಗಿಯುವವರೆಗೆ ಎಲ್ಲ ಆಯುಧಗಳೂ ನಾಟುತ್ತವೆ. ಆಸಿಡ್ ಸೀಸೆಗೆ 25 ಚಿನ್ನದ ನಾಣ್ಯ, ಎರಡು ಆರುಮುಖದ ದಾಳದ ಡ್ಯಾಮೇಜ್. ಗುಹೆಗೆ ಮೊದಲು ಬರುವ ಚರ್ಮ ಹದಮಾಡುವವನ ಪಾಳುಮನೆಯಲ್ಲಿ ನಾಲ್ಕು ಸೀಸೆ ಇಡು. ಮೂರು ಸಾಲದು, ಒಂದಾದರೂ ಗುರಿ ತಪ್ಪುತ್ತದೆ. ಹಿಟ್ ಪಾಯಿಂಟನ್ನು 60ಕ್ಕೆ ಇಳಿಸು.

ಇನ್ನೊಂದು ಪದ. ‘ಮ್ಯಾಜಿಕ್ ಅಲ್ಲದ ಡ್ಯಾಮೇಜ್’ ಎಂದು ಬರೆದಿದ್ದೀಯ, ‘ಮ್ಯಾಜಿಕ್ ಅಲ್ಲದ ಅಟ್ಯಾಕ್‌ನ ಡ್ಯಾಮೇಜ್’ ಎಂದು ಮಾಡು. ಬೀಳುವುದು ಅಟ್ಯಾಕ್ ಅಲ್ಲ. ನಿನ್ನ ಗುಹೆಯಲ್ಲಿ 40 ಅಡಿ ಆಳದ ಕಂದರ ಇದೆ. ಬಾರ್ಬೇರಿಯನ್ ಕಾವಲುಗಾರನನ್ನು ಅದರೊಳಗೆ ನೂಕಿದರೆ ಹತ್ತು ಅಡಿಗೊಂದರಂತೆ ನಾಲ್ಕು ಆರುಮುಖದ ದಾಳ, ಸರಾಸರಿ 14. ಒಂದು ಪದ ಬದಲಿಸಿದ್ದಕ್ಕೆ ಒಬ್ಬ ಆಟಗಾರನಿಗೆ ಕೆಲಸ ಸಿಕ್ಕಿತು.

ಕೊನೆಗೆ, ಕತ್ತಿ ನಾಟದಿದ್ದಾಗ ಡಿಎಂ ಏನು ಹೇಳಬೇಕೆಂದು ನೀನೇ ಬರೆದುಕೊಡು. ಡ್ಯಾಮೇಜ್ ಎಷ್ಟು ಎಂದು ಕೇಳಿ, ಕೇಳಿದ ಮೇಲೆ ಸುಮ್ಮನಿರುವ ಡಿಎಂ ಮುಂದೆ ಆಟಗಾರ ಮೂರು ಸುತ್ತು ವ್ಯರ್ಥ ಹೊಡೆಯುತ್ತಾನೆ. ‘ಅಲಗು ಕಲ್ಲಿಗೆ ತಾಗಿ ಕಿಡಿ ಹಾರಿತು, ಗೀರು ಕೂಡ ಬಿದ್ದಿಲ್ಲ’ ಎಂದರೆ ಮೊದಲ ಸುತ್ತಿಗೇ ತಿಳಿಯುತ್ತದೆ. ಹುಳಿಯ ಸುಳಿವು ಅದಕ್ಕೂ ಮೊದಲೇ ಸಿಕ್ಕಿರಬೇಕು.

ಗೆಳೆಯರು ‘ಸಖತ್ ಟಫ್ ಮಾನ್‌ಸ್ಟರ್’ ಎಂದು ಹೊಗಳಿದರಂತೆ. ಅವರು ಆಡಿದವರೋ, ಪಕ್ಕದಲ್ಲಿ ಕೂತು ನೋಡಿದವರೋ?

ಇಡೀ ಹಸ್ತಪ್ರತಿ ಮತ್ತೆ ಬೇಡ. ಏಳನೇ ಪುಟ, ಅದರ ಹಿಂದಿನ ಪಾಳುಮನೆಯ ಪುಟ, ಎರಡನ್ನು ಕಳಿಸು. ಪಾಳುಮನೆಯ ಸುಣ್ಣಕಲ್ಲಿನ ನೆಲದಲ್ಲಿ ಸೀಸೆ ಒಡೆದು ಬಿದ್ದ ಜಾಗ ಹೇಗೆ ಕಾಣುತ್ತದೆ ಎಂಬುದನ್ನು ಮೊದಲು ಓದುತ್ತೇನೆ.

ನಿನ್ನ,
ಅಣ್ಣ