ಮರದ ತೂಕ ಎಲ್ಲಿಂದ ಬಂತು?

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂತು. ಗಿಡ ಬಿಸಿಲಿನ ಬಲದಿಂದ ತನ್ನ ಆಹಾರ ತಾನೇ ಮಾಡಿಕೊಳ್ಳುವ ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುವ ನೀನು, "ಅಷ್ಟು ದೊಡ್ಡ ಮರದ ತೂಕ ಎಲ್ಲಿಂದ ಬಂತು?" ಅಂತ ಟೀಚರ್ ಕೇಳಿದ್ದಕ್ಕೆ "ಮಣ್ಣಿನಿಂದ" ಅಂದುಬಿಟ್ಟೆಯಂತೆ, ಎಲ್ಲರೂ ನಕ್ಕರಂತೆ. ನಕ್ಕವರಲ್ಲಿ ಎಷ್ಟು ಜನಕ್ಕೆ ಉತ್ತರ ಗೊತ್ತಿತ್ತೋ, ಆ ಮಾತು ಬಿಡು. ಅರಿಸ್ಟಾಟಲ್‌ನಂಥವನೇ ಹಾಗೆ ನಂಬಿದ್ದ. ಆದರೆ ಪುಟ್ಟಿ, ನೀನು ಒಪ್ಪಿಸುವ ಸಮೀಕರಣದ ಎಡಗಡೆ ಒಮ್ಮೆ ಕಣ್ಣಾಡಿಸು. 6 ಇಂಗಾಲದ ಡೈಆಕ್ಸೈಡ್ ಇದೆ, 6 ನೀರಿದೆ. ಬಲಗಡೆ ಒಂದು ಸಕ್ಕರೆ, ಎರಡೆರಡು ಪರಮಾಣು ಜೊತೆಗೂಡಿದ 6 ಆಮ್ಲಜನಕ. ಮಣ್ಣೆಲ್ಲಿದೆ?

ಇದನ್ನು ತೂಗಿಯೇ ನೋಡಿದವನೊಬ್ಬನಿದ್ದ. ಬ್ರಸೆಲ್ಸಿನ ವೈದ್ಯ ಯಾನ್ ವಾನ್ ಹೆಲ್ಮಾಂಟ್. ಒಣಗಿಸಿದ 200 ಪೌಂಡ್ ಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಗಿಡ ನೆಟ್ಟು, ಧೂಳು ಬೀಳದಂತೆ ಮುಚ್ಚಳ ಹಾಕಿ, 5 ವರ್ಷ ಬರೀ ನೀರೆರೆದ. ಕೊನೆಗೆ ಗಿಡ 169 ಪೌಂಡ್ ತೂಗಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾದದ್ದು ಬರೀ 2 ಔನ್ಸ್, ಅಂದರೆ ಸುಮಾರು 60 ಗ್ರಾಂ. ಅವನು ತೀರಿಕೊಂಡ ಮೇಲೆ, 1648ರಲ್ಲಿ ಇದು ಅಚ್ಚಾಯಿತು. ಮರವೆಲ್ಲ ನೀರಿನಿಂದಲೇ ಆದದ್ದು ಅಂತ ಅವನ ತೀರ್ಮಾನ. ತಮಾಷೆ ನೋಡು, 'ಗ್ಯಾಸ್' ಅನ್ನೋ ಪದವನ್ನು ಹುಟ್ಟಿಸಿದವನೇ ಅವನು. ಇದ್ದಿಲು ಉರಿದಾಗ ಕಣ್ಣಿಗೆ ಕಾಣದ ಅನಿಲವೊಂದು ಹೊರಡುತ್ತದೆಂದೂ ಕಂಡುಕೊಂಡಿದ್ದ. ಅದೇ ಅನಿಲವನ್ನು ತನ್ನ ಗಿಡ ಐದು ವರ್ಷ ಒಳಗೆಳೆದುಕೊಳ್ಳುತ್ತಿತ್ತೆಂದು ಮಾತ್ರ ಹೊಳೆಯಲಿಲ್ಲ. ಗಾಳಿಯನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಗಾಳಿಯ 10,000 ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು 4 ಪಾಲಿನಷ್ಟು. ಎಲೆಯ ಪತ್ರರಂಧ್ರಗಳಿಂದ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿಂದ, ಅದು ಒಳಗೆ ನುಸುಳಬೇಕು. ಒಣಗಿದ ಮರದ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಇಂಗಾಲವೇ, ಅದಷ್ಟೂ ಹೀಗೆ ಬಂದದ್ದು. ಮಣ್ಣಿನ ಪಾಲು ಎಷ್ಟೆಂದು ನೋಡಬೇಕಾದರೆ ಒಲೆಯ ಬೂದಿ ನೋಡು. ಒಂದು ಹೊರೆ ಸೌದೆ ಉರಿದ ಮೇಲೆ ಉಳಿಯುವ ಆ ಹಿಡಿ ಬೂದಿ ಮಣ್ಣಿನದು. ಹಾಗಂತ ಮಣ್ಣು ಬೇಡವೆಂದಲ್ಲ. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತಿನ ನಟ್ಟನಡುವೆ ಕೂತ ಮೆಗ್ನೀಸಿಯಮ್ ಬರುವುದು ಅಲ್ಲಿಂದಲೇ.

ಇನ್ನು ಬಿಸಿಲು. ಗಿಡ ಬಿಸಿಲನ್ನು ತಿನ್ನುವುದಿಲ್ಲ. ಬಿಸಿಲು ಅಡುಗೆಯ ಸಾಮಾನಲ್ಲ, ಉರಿ. ಪತ್ರಹರಿತ್ತು ಹೀರಿಕೊಂಡ ಬೆಳಕಿನ ಬಲದಿಂದ ನೀರು ಒಡೆಯುತ್ತದೆ, ಆಮ್ಲಜನಕ ಹೊರಬೀಳುತ್ತದೆ, ಉಳಿದ ಶಕ್ತಿಯಿಂದ ಇಂಗಾಲದ ಡೈಆಕ್ಸೈಡ್ ಸಕ್ಕರೆಯಾಗುತ್ತದೆ. ಸೌದೆ ಉರಿಯುವಾಗ ಮೈಗೆ ತಾಗುವ ಕಾವು ಎಂದೋ ಎಲೆಯ ಮೇಲೆ ಬಿದ್ದ ಬಿಸಿಲೇ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಪಾಠ ಹೇಳುವ ಕೆಲಸಕ್ಕೆ ಸೇರಿದ ಮೊದಲ ಕೆಲವು ವರ್ಷ ನಾನು ಮಕ್ಕಳಿಗೆ, "ಗಿಡ ಇಂಗಾಲದ ಡೈಆಕ್ಸೈಡ್ ಒಡೆದು ಆಮ್ಲಜನಕ ಬಿಡುತ್ತದೆ" ಅಂತಲೇ ಹೇಳುತ್ತಿದ್ದೆ. ಯಾರೂ ತಿದ್ದಲಿಲ್ಲ. ಕೊನೆಗೆ ಒಬ್ಬ ಹುಡುಗ ಎದ್ದುನಿಂತು, "ಸಾರ್, ಅದು ನೀರಿನಿಂದ ಬರೋದು ಅಂತ ಓದಿದೀನಿ. ಆದರೆ 6 ನೀರಿನಲ್ಲಿ ಆಮ್ಲಜನಕದ ಪರಮಾಣು ಇರೋದೇ 6, ಹೊರಗೆ ಬರೋದು 12. ಹೇಗೆ?" ಅಂದ. ನಾನು ಬೋರ್ಡಿನ ಕಡೆ ತಿರುಗಿ ನಿಂತೆ, ಸುಣ್ಣದ ಕಡ್ಡಿ ಕೈಯಲ್ಲೇ ಉಳಿಯಿತು. ಅಂದು ರಾತ್ರಿ ಪುಸ್ತಕ ತೆಗೆದೆ. 1941ರಲ್ಲೇ ರೂಬೆನ್ ಮತ್ತು ಕೇಮೆನ್ ಎಂಬವರು ತಮ್ಮ ಸಂಗಡಿಗರ ಜೊತೆ ಗುರುತು ಸಿಗಲೆಂದು ಮಾಮೂಲಿಗಿಂತ ಭಾರವಾದ ಆಮ್ಲಜನಕ ಸೇರಿದ ನೀರನ್ನು ಪಾಚಿಗೆ ಕೊಟ್ಟು ನೋಡಿದ್ದರು. ಹೊರಬಂದ ಅನಿಲದಲ್ಲಿ ಆ ಭಾರದ ಆಮ್ಲಜನಕವೇ ಇತ್ತು. ಅದಕ್ಕೇ ಲೆಕ್ಕ ಸರಿಯಾಗಬೇಕಾದರೆ ಎಡಗಡೆ 12 ನೀರು ಬರೆದು, ಬಲಗಡೆ ಹೊಸದಾಗಿ ಹುಟ್ಟುವ 6 ನೀರು ತೋರಿಸಬೇಕು. ನಿಮ್ಮ ಪುಸ್ತಕದಲ್ಲಿರುವುದು ಎರಡೂ ಕಡೆ 6 ಹೊಡೆದುಹಾಕಿದ ಮೇಲಿನದು. ನೀನೂ ಒಂದೊಂದು ಪರಮಾಣುವನ್ನೂ ಪೆನ್ಸಿಲ್ ಹಿಡಿದು ಎಣಿಸು. ಎಣಿಸಿದವರಿಗೆ ಉರುಹೊಡೆಯುವ ಕೆಲಸ ತಪ್ಪುತ್ತದೆ.

ಎಣಿಸುವುದು ಕಾಗದದ ಮೇಲಷ್ಟೇ ಬೇಡ. 1779ರಲ್ಲಿ ಇಂಗೆನ್‌ಹೌಸ್ ಎಂಬ ವೈದ್ಯ ಎಲೆಗಳನ್ನು ನೀರಿನಲ್ಲಿ ಮುಳುಗಿಸಿಟ್ಟು, ಬಿಸಿಲಿದ್ದರೆ ಗುಳ್ಳೆ, ಕತ್ತಲಾದರೆ ಇಲ್ಲ ಅಂತ ಕಂಡ. ಅದನ್ನೇ ನೀನು ಮಾಡು. ನೀರಿನೊಳಗೆ ಬೆಳೆಯುವ ಹೈಡ್ರಿಲ್ಲಾ ಗಿಡದ ದಂಟನ್ನು ಓರೆಯಾಗಿ ಕತ್ತರಿಸಿ, ಕತ್ತರಿಸಿದ ತುದಿ ಮೇಲೆ ಬರುವಂತೆ ಗಾಜಿನ ಲೋಟದ ನೀರಿನಲ್ಲಿ ಪೂರ್ತಿ ಮುಳುಗಿಸು. ಚಿಟಿಕೆ ಅಡುಗೆ ಸೋಡಾ ಹಾಕು, ಅದರಿಂದ ಗಿಡಕ್ಕೆ ಇಂಗಾಲ ಸಿಗುತ್ತದೆ. ಪಕ್ಕದಲ್ಲಿ ದೀಪವಿಟ್ಟು ಸ್ವಲ್ಪ ಹೊತ್ತು ಕಾದರೆ ಆ ತುದಿಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ದಾರಕ್ಕೆ ಪೋಣಿಸಿದ ಹಾಗೆ ಏಳುತ್ತವೆ. ದೀಪ ದೂರ ಸರಿಸು, ಪೋಣಿಕೆ ಸಡಿಲವಾಗುತ್ತದೆ.

ಎಲೆಯಲ್ಲಿ ಪಿಷ್ಟವಿದೆಯೇ ಎಂದು ನೋಡಲು ಅದನ್ನು ಸ್ಪಿರಿಟ್‌ನಲ್ಲಿ ಕುದಿಸಿ ಅಯೋಡಿನ್ ಹಾಕುವ ಪ್ರಯೋಗವನ್ನು ಮಾತ್ರ ಒಬ್ಬಳೇ ಮಾಡಬೇಡ. ಸ್ಪಿರಿಟ್ ಪಾತ್ರೆಯನ್ನು ಬಿಸಿನೀರಿನಲ್ಲಿಡುವ ಬದಲು ನೇರವಾಗಿ ಉರಿಯ ಮೇಲಿಟ್ಟು ಹುಬ್ಬು ಸುಟ್ಟುಕೊಂಡವನು ನಾನು. ನಿನ್ನ ದೊಡ್ಡಮ್ಮ ಈಗಲೂ ಆಡಿಕೊಳ್ಳುತ್ತಾಳೆ.

ದೀಪ ಒಂದು ಗೇಣು ದೂರದಲ್ಲಿದ್ದಾಗ ನಿಮಿಷಕ್ಕೆ ಎಷ್ಟು ಗುಳ್ಳೆ, ಎರಡು ಗೇಣಿಗೆ ಎಷ್ಟು ಅಂತ ಮೂರು ಮೂರು ಸಲ ಎಣಿಸಿ ಬರೆ. ಅಂದಾಜಿನ ಅಂಕಿ ಕಳಿಸಬೇಡ, ನನಗೆ ಗೊತ್ತಾಗುತ್ತದೆ.

ಇಂತಿ,
ನಿನ್ನ ದೊಡ್ಡಪ್ಪ