ಮೈನರ್ ಅಂದರೆ ಬಿಟ್ಟುಬಿಡುವ ವಿಷಯವೇ?

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಪ್ರಾಯೋಗಿಕ ಪರೀಕ್ಷೆಯ ಅವಾಂತರದ ಬಗ್ಗೆ ಬುಧವಾರದ ಸಂಚಿಕೆಯಲ್ಲಿ ಬಂದ ವರದಿ ‘ಕೆಲವು ವಿದ್ಯಾರ್ಥಿಗಳಿಗೆ ಅನನುಕೂಲ’ ಎಂದು ಮುಗಿದಿದೆ. ಬರೀ ಅನನುಕೂಲವೇ? ಬೆಳಿಗ್ಗೆ 10ಕ್ಕೆ ಸಿವಿಲ್‌ನವರ ಫ್ಲುಯಿಡ್ ಮೆಕ್ಯಾನಿಕ್ಸ್ ಲ್ಯಾಬ್, ಅದೇ 10ಕ್ಕೆ ಅವರೇ ಮೈನರ್ ಆಗಿ, ಅಂದರೆ ತಮ್ಮ ಪದವಿಯ ಜೊತೆ ಹೆಚ್ಚುವರಿಯಾಗಿ, ತಗೊಂಡ ಕಂಪ್ಯೂಟರ್ ಸೈನ್ಸ್‌ನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್. ಎರಡೂ ಮೂರು ಮೂರು ತಾಸು. ಕಲಘಟಗಿ, ಅಣ್ಣಿಗೇರಿಯಿಂದ ನಸುಕಿನ ಬಸ್ ಹಿಡಿದು ಬಂದ ಹುಡುಗರು ಎರಡು ಹಾಲ್ ಟಿಕೆಟ್ ಹಿಡಿದು ಕಾರಿಡಾರ್‌ನಲ್ಲಿ ನಿಂತರು. ಕೇಳಲು ಹೋದ ಪಾಲಕರಿಗೆ ಸಿಕ್ಕ ಉತ್ತರ: "ಮೈನರ್ ಐತಲ್ರೀ, ಮುಂದಿನ ವರ್ಷ ಕೊಟ್ರಾತು ಬಿಡ್ರಿ."

ಹೇಳಿದವರಿಗೆ ನವಲಗುಂದ ಕಡೆಯ ಮಲಪ್ರಭಾ ಕಾಲುವೆಯ ಮೈನರ್, ಅಂದರೆ ಕಿರುಗಾಲುವೆ, ನೆನಪಾಗಿರಬೇಕು. ನಕಾಶೆಯಲ್ಲಿ ಇರುತ್ತದೆ, ತುದಿಯ ಹೊಲಕ್ಕೆ ನೀರು ಮುಟ್ಟುವುದಿಲ್ಲ.

‘ಮುಂದಿನ ವರ್ಷ’ ಎಂದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಪ್ರಕಾರ ಮೈನರ್‌ಗೆ ಪದವಿಯ ಕ್ರೆಡಿಟ್‌ಗಳ (ಪತ್ರಿಕೆಯ ತೂಕ ಅಳೆಯುವ ಲೆಕ್ಕ) ಮೇಲೆ 18ರಿಂದ 20 ಕ್ರೆಡಿಟ್ ಹೆಚ್ಚು ಗಳಿಸಬೇಕು. ಇಲ್ಲಿ ಅದನ್ನು ನಾಲ್ಕು ಕ್ರೆಡಿಟ್‌ಗಳ ಐದು ಪತ್ರಿಕೆ ಮಾಡಿದ್ದಾರೆ: ಮೂರನೇ ಸೆಮಿಸ್ಟರ್‌ಗೆ ಸಿ ಪ್ರೋಗ್ರಾಮಿಂಗ್ ಭಾಷೆ, ನಾಲ್ಕಕ್ಕೆ ಡೇಟಾ ಸ್ಟ್ರಕ್ಚರ್ಸ್, ಐದಕ್ಕೆ ಅಲ್ಗಾರಿದಮ್ಸ್, ಆರಕ್ಕೆ ಡೇಟಾಬೇಸ್, ಏಳಕ್ಕೆ ಆಪರೇಟಿಂಗ್ ಸಿಸ್ಟಮ್. ಈ ಕ್ರಮ ಸರಿಯಾಗಿಯೇ ಇದೆ. ಸಿ ಪತ್ರಿಕೆಯ ಪಾಯಿಂಟರ್ ತಿಳಿಯದವನಿಗೆ ಡೇಟಾ ಸ್ಟ್ರಕ್ಚರ್ಸ್‌ನ ಲಿಂಕ್ಡ್ ಲಿಸ್ಟ್ ತಲೆಗೆ ಹೋಗದು, ಅಲ್ಲಿಯ ರಿಕರ್ಶನ್ ಬಾರದವನಿಗೆ ಇಲ್ಲಿಯ ಟ್ರೀ ಬಾರದು. ಹಿಂದಿನ ಪತ್ರಿಕೆ ಪಾಸಾಗದೆ ಮುಂದಿನದಕ್ಕೆ ಹೆಸರು ಹಚ್ಚುವಂತಿಲ್ಲ ಎಂಬ ನಿಯಮವೂ ಇವರದೇ. ಪ್ರತಿ ಪತ್ರಿಕೆ ವರ್ಷಕ್ಕೆ ಒಂದೇ ಸಲ. ಈಗ ಡೇಟಾ ಸ್ಟ್ರಕ್ಚರ್ಸ್ ತಪ್ಪಿದರೆ ಅದು ಆರನೇ ಸೆಮಿಸ್ಟರ್‌ಗೆ ಹೋಯಿತು, ಅಲ್ಗಾರಿದಮ್ಸ್ ಏಳಕ್ಕೆ, ಡೇಟಾಬೇಸ್ ಎಂಟಕ್ಕೆ, ಆಪರೇಟಿಂಗ್ ಸಿಸ್ಟಮ್ ಒಂಬತ್ತಕ್ಕೆ. ಎಂಟೇ ಸೆಮಿಸ್ಟರಿನ ಬಿಇಗೆ ಒಂಬತ್ತನೇ ಸೆಮಿಸ್ಟರ್ ಯಾವ ಊರಲ್ಲಿದೆ?

ಇನ್ನೊಬ್ಬ ಮಹನೀಯರ ಸಲಹೆ, "ಎನ್‌ಪಿಟಿಇಎಲ್‌ನಾಗ ಮಾಡ್ಕೋರಿ." ಅದು ಐಐಟಿಗಳು ನಡೆಸುವ ಆನ್‌ಲೈನ್ ಪಾಠ; ಅಲ್ಲಿ 12 ವಾರದ ಕೋರ್ಸಿಗೆ ಸಿಗುವುದು 3 ಕ್ರೆಡಿಟ್, ಇಲ್ಲಿ ಬೇಕಾದದ್ದು 4. ಉಳಿದ ಒಂದನ್ನು ಸುಭಾಸ ರೋಡಿನಲ್ಲಿ ಕೊಳ್ಳಬೇಕೇನೋ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ; 25ಕ್ಕೆ ಕನಿಷ್ಠ 10, 75ಕ್ಕೆ ಕನಿಷ್ಠ 30 ಬೇರೆ ಬೇರೆಯಾಗಿ ಬರಬೇಕು. ಅಸೈನ್‌ಮೆಂಟುಗಳು ಮೊದಲ ವಾರದಿಂದಲೇ ಶುರುವಾಗುತ್ತವೆ, ಸೆಮಿಸ್ಟರ್ ಮುಗಿದ ಮೇಲೆ ನೆನಪಾದರೆ ಉಪಯೋಗವಿಲ್ಲ. ವಿಭಾಗದವರು ಮೊದಲೇ ಒಪ್ಪಿಗೆ ಕೊಡದಿದ್ದರೆ ಪಾಸಾದ ಪ್ರಮಾಣಪತ್ರವೂ ಗೋಡೆಗೆ ತೂಗುಹಾಕಲಿಕ್ಕಷ್ಟೇ.

ನಗು ಬರುವ ಮಾತೆಂದರೆ, ಇಂಥ ಡಿಕ್ಕಿ ಆಗದಂತೆ ವೇಳಾಪಟ್ಟಿ ಮಾಡುವ ವಿಧಾನ ಈ ಹುಡುಗರ ಪಠ್ಯದಲ್ಲೇ ಇದೆ. ಗ್ರಾಫ್ ಕಲರಿಂಗ್ ಅಂತ ಹೆಸರು. ಒಂದೊಂದು ವಿಷಯಕ್ಕೆ ಒಂದು ಚುಕ್ಕಿ ಇಡಿ. ಎರಡು ವಿಷಯಕ್ಕೂ ಹೆಸರು ಹಚ್ಚಿದ ವಿದ್ಯಾರ್ಥಿ ಒಬ್ಬನಿದ್ದರೂ ಆ ಎರಡು ಚುಕ್ಕಿಗಳ ನಡುವೆ ಗೆರೆ ಎಳೆಯಿರಿ. ಗೆರೆ ಕೂಡಿಸಿದ ಚುಕ್ಕಿಗಳಿಗೆ ಒಂದೇ ಬಣ್ಣ ಬರಬಾರದು. ಬಣ್ಣ ಎಂದರೆ ಪರೀಕ್ಷೆಯ ಸಮಯ, ಅಷ್ಟೇ. ರಂಗೋಲಿ ಹಾಕುವವರಿಗೆ ಇದು ಕಷ್ಟವಲ್ಲ. ಆದರೆ ಗೆರೆ ಎಳೆಯಬೇಕಾದರೆ ಯಾರು ಯಾವ ಮೈನರ್ ತಗೊಂಡಿದ್ದಾರೆ ಎಂಬ ಪಟ್ಟಿ ಕೈಯಲ್ಲಿರಬೇಕು. ಸಿವಿಲ್ ವಿಭಾಗದವರು ತಮ್ಮ ಪಟ್ಟಿ ನೋಡಿ ದಿನ ಹಾಕಿದರು, ಕಂಪ್ಯೂಟರ್‌ನವರು ತಮ್ಮದು ನೋಡಿ ಹಾಕಿದರು. ನಡುವೆ ಒಂದು ಫೋನ್ ಮಾಡಲು ಯಾರಿಗೆ ಪುರುಸೊತ್ತಿದೆ?

ಲ್ಯಾಬಿನ ವೈಭವವನ್ನೂ ಹೇಳಿಬಿಡುತ್ತೇನೆ. ಸಿ ಪ್ರೋಗ್ರಾಮ್ ಓಡಿಸಲು ಇಂದಿಗೂ ಅಲ್ಲಿ ಹಳೇ ಕಾಲದ, ನೀಲಿ ಪರದೆಯ ಟರ್ಬೊ ಸಿ ತಂತ್ರಾಂಶ. ಅದರಲ್ಲಿ ಇಂಟ್ (ಪೂರ್ಣಾಂಕ) ಎಂದರೆ 16 ಬಿಟ್, 32767 ದಾಟಿದರೆ ಲೆಕ್ಕ ತಿರುವುಮುರುವು. 8ರ ಫ್ಯಾಕ್ಟೋರಿಯಲ್ (1ರಿಂದ 8ರವರೆಗಿನ ಗುಣಲಬ್ಧ) ಕೇಳಿದರೆ 40320 ಬರಬೇಕಾದಲ್ಲಿ ಮೈನಸ್ 25216 ತೋರಿಸುತ್ತದೆ. ಮನೆಯಲ್ಲಿ ಈಗಿನ ಕಾಲದ ಜಿಸಿಸಿ ತಂತ್ರಾಂಶದಲ್ಲಿ ಅದೇ ಪ್ರೋಗ್ರಾಮ್ ಸರಿಯಾಗಿ ಓಡುತ್ತದೆ. ಲ್ಯಾಬಿನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದು ಹುಡುಗನದ್ದು! ಮೈನರ್ ಶುಲ್ಕ ಮಾತ್ರ ಈ ವರ್ಷದ ದರದಲ್ಲೇ ಕಟ್ಟಿಸಿಕೊಳ್ಳುತ್ತಾರೆ.

ಈಗ ಅರ್ಜಿ ಕೊಡಿ ಎನ್ನುತ್ತಾರೆ. ಅರ್ಜಿಗೆ ಚಲನ್, ಎರಡೂ ಹಾಲ್ ಟಿಕೆಟ್‌ಗಳ ಝೆರಾಕ್ಸ್, ಎರಡು ವಿಭಾಗದ ಮುಖ್ಯಸ್ಥರ ಸಹಿ. ಅವರು ಹಾಕಿದರೆ ಇವರು ಹಾಕುತ್ತಾರೆ, ಇವರು ಹಾಕಿದರೆ ಅವರು. ಪಾಲಕರು ದಿನದ ಪಗಾರ ಕಳೆದುಕೊಂಡು ಹೋದರೆ ಕೌಂಟರ್ ಮೂರಕ್ಕೇ ಬಂದ್. ನಲ್ಲಿ ನೀರು ಯಾವಾಗ ಬರುತ್ತದೆ ಎಂದು ಕೇಳಲು ಹೋದಾಗಲೂ ಇದೇ ಆಟ, ಅಗೆದ ರಸ್ತೆ ಮುಚ್ಚಿ ಎಂದಾಗಲೂ ಇದೇ ಆಟ. ವಾಲ್‌ಮನ್‌ಗಾದರೂ ತನ್ನ ಓಣಿಯ ಸರದಿ ಗೊತ್ತಿರುತ್ತದೆ, ಇವರಿಗೆ ತಮ್ಮ ಪರೀಕ್ಷೆಯ ಸರದಿ ಗೊತ್ತಿಲ್ಲ.

ಈ ತಿಂಗಳೊಳಗೆ ಮರುಪರೀಕ್ಷೆ ನಡೆಸಬೇಕು. ಇಲ್ಲವೇ ಪ್ರಾಸ್ಪೆಕ್ಟಸ್‌ನಿಂದ ಮೈನರ್ ಕಿತ್ತುಹಾಕಿ ಶುಲ್ಕ ವಾಪಸ್ ಕೊಡಬೇಕು. ಎರಡನ್ನೂ ಮಾಡಿದರೂ ಅಡ್ಡಿಯಿಲ್ಲ. ಸಂಬಂಧಪಟ್ಟವರು ಗಮನಿಸಲಿ ಎಂದು ಬರೆಯುವುದು ವಾಡಿಕೆ. ಸಂಬಂಧಪಟ್ಟವರು ಯಾರು ಎಂಬುದನ್ನು ಮಾತ್ರ ಮೂರು ಕೌಂಟರ್‌ಗಳಲ್ಲಿ ಒಬ್ಬರೂ ಹೇಳಲಿಲ್ಲ.

– ಒಬ್ಬ ಪಾಲಕ, ಸಪ್ತಾಪುರ, ಧಾರವಾಡ